ಸವಾರ್ ಗಡಿಯಾರದ ಎರಡು ಮುಖ

ನಮ್ಮ ಮನೆತನದಲ್ಲಿ ಎರಡು ಕೈಗಡಿಯಾರಗಳುಂಟು. ಒಂದು ಸಿರುಗುಪ್ಪದ ಮನೆಯಲ್ಲಿ, ಇನ್ನೊಂದು ಕುರುಗೋಡಿನ ಮನೆಯಲ್ಲಿ. ಎರಡನೆಯ ಮಹಾಯುದ್ಧಕ್ಕೆ ಒಂದೆರಡು ವರ್ಷ ಮೊದಲು, ಬಳ್ಳಾರಿಯ ಹತ್ತಿ ವ್ಯಾಪಾರದಲ್ಲಿ ಕೈಯಲ್ಲಿ ನಾಲ್ಕು ಕಾಸು ಓಡಾಡುತ್ತಿದ್ದಾಗ, ಬೊಂಬಾಯಿಗೆ ಹೋದ ನಮ್ಮ ಅಜ್ಜ ತಮಗೊಂದು, ತಮ್ಮನಿಗೊಂದು ಎಂದು ಒಂದೇ ಅಂಗಡಿಯಲ್ಲಿ ಅವನ್ನು ಕೊಂಡು ತಂದರಂತೆ. ಮುಂದೆ ಪಾಲಾಯಿತು. ಅಜ್ಜ ಸಿರುಗುಪ್ಪದ ಗದ್ದೆಗಳ ಕಡೆ ಉಳಿದರು. ಚಿಕ್ಕಜ್ಜ ಕುರುಗೋಡಿಗೆ ಹೋಗಿ ನೆಲೆಸಿದರು. ಎತ್ತು, ಬಂಡಿ, ಹೊಲ, ಹಗೇವು ಎಲ್ಲ ಸಮನಾಗಿ ಹಂಚಿಕೆಯಾಯಿತೆಂದು ಊರ ಹಿರಿಯರು ಮೆಚ್ಚಿದರು. ಗಡಿಯಾರಗಳು ಆಗಲೇ ಹಂಚಿಹೋಗಿದ್ದವಾದ್ದರಿಂದ ಅವುಗಳ ಮಾತು ಯಾರೂ ಎತ್ತಲಿಲ್ಲ.

ಮಾತು ಎದ್ದದ್ದು ಅದಾಗಿ ಕೆಲವು ವರ್ಷಗಳ ಮೇಲೆ, ಕುರುಗೋಡಿನ ದೊಡ್ಡಬಸವೇಶ್ವರನ ಜಾತ್ರೆಯಲ್ಲಿ. ಅಣ್ಣತಮ್ಮಂದಿರಿಬ್ಬರೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕುಳಿತಾಗ ಯಾರೋ ಇಬ್ಬರ ಮಣಿಕಟ್ಟನ್ನೂ ನೋಡಿದರು. ಅಜ್ಜನ ಗಡಿಯಾರದ ಮುಖದ ಮೇಲೆ ಕಂಪನಿಯ ಹೆಸರು ಕಮಾನಿನಂತೆ ಬಾಗಿತ್ತು, ಕೆಳಗೆ ‘ಬೊಂಬಾಯಿ, ಕಲ್ಕತ್ತಾ’ ಎಂದು ಇಂಗ್ಲಿಷಿನಲ್ಲಿ ಎರಡು ಊರುಗಳ ಹೆಸರಿತ್ತು. ಚಿಕ್ಕಜ್ಜನದರ ಮೇಲೆ ಹೆಸರು ನೆಟ್ಟಗಿತ್ತು, ಅಕ್ಷರ ಸಣ್ಣವು, ಊರುಗಳ ಸುಳಿವೇ ಇಲ್ಲ. ‘ಅಣ್ಣ ಅಸಲಿಯನ್ನು ತಾನಿಟ್ಟುಕೊಂಡು ನಕಲಿಯನ್ನು ತಮ್ಮನಿಗೆ ಕಟ್ಟಿದ’ ಎಂದು ಆ ಪಂಕ್ತಿಯಲ್ಲಿ ಯಾರಾದರೂ ಆಡಿದರೋ, ಅಥವಾ ಚಿಕ್ಕಜ್ಜನ ಮನಸ್ಸಿಗೇ ಹೊಳೆಯಿತೋ, ಅಂದಿನಿಂದ ಅವರು ಆ ಗಡಿಯಾರವನ್ನು ಕಟ್ಟಲಿಲ್ಲ. ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿದರು. ಮದುವೆ ಮುಂಜಿಗಳಿಗೆ ಎರಡೂ ಮನೆಯವರು ಹೋಗಿಬರುತ್ತಿದ್ದರೂ ನಡುವೆ ಒಂದು ತೆಳು ಗೋಡೆ ಎದ್ದಿತು.

ನನಗೆ ಹಳೆಯ ಶಾಸನ, ನಾಣ್ಯಗಳ ಹುಚ್ಚು ಮೊದಲಿನಿಂದಲೂ ಸ್ವಲ್ಪ. ಅಸಲು ಯಾವುದು, ಖೊಟ್ಟಿ ಯಾವುದು ಎಂಬ ಜಗಳ ಆ ಕ್ಷೇತ್ರದಲ್ಲಿ ದಿನನಿತ್ಯದ್ದು. ಗಂಗರ ತಾಮ್ರಪಟಗಳ ಕಥೆ ವಾಚಕರಲ್ಲಿ ಕೆಲವರಿಗೆ ಗೊತ್ತಿರಬಹುದು. ಆನೆಯ ಮುದ್ರೆಯುಳ್ಳ ಆ ಪಟಗಳನ್ನು ಫ್ಲೀಟ್ ಸಾಹೇಬರು ಅಕ್ಷರದ ಆಕಾರ ಕಾಲಕ್ಕೆ ಹೊಂದುವುದಿಲ್ಲವೆಂದು ಒಟ್ಟೊಟ್ಟಿಗೆ ಕೂಟಶಾಸನಗಳೆಂದು ತಳ್ಳಿದರು. ರೈಸ್ ಸಾಹೇಬರು ಅವುಗಳ ಪರವಾಗಿ ನಿಂತರು. ಕೊನೆಗೆ ಕೆಲವು ಖೊಟ್ಟಿಯೆಂದೂ, ಕೆಲವು ಅಸಲೆಂದೂ ಒಂದೊಂದಾಗಿ ನೋಡಿಯೇ ತೀರ್ಮಾನಿಸಬೇಕಾಯಿತು. ನಮ್ಮ ನೆರೆಯ ಹಂಪೆಯ ಅರಸರ ವರಹಗಳನ್ನೇ ನೋಡಿ. ಕೃಷ್ಣದೇವರಾಯನ ವರಹದ ಮೇಲೆ ಬಾಲಕೃಷ್ಣ ಕುಳಿತಿದ್ದಾನೆ. ಅವನ ತಮ್ಮ ಅಚ್ಯುತರಾಯನ ವರಹದ ಮೇಲೆ ಗಂಡಭೇರುಂಡ. ಲಾಂಛನ ಬೇರೆಯಾಯಿತೆಂದು ಯಾವ ಚಿನಿವಾರನೂ ನಾಣ್ಯವನ್ನು ಹಿಂದಕ್ಕೆ ಎಸೆಯಲಿಲ್ಲ. ಅವನು ಒರೆಗಲ್ಲಿಗೆ ಉಜ್ಜಿ ನೋಡಿದ, ತೂಕ ಹಾಕಿದ. ಇಷ್ಟೆಲ್ಲ ತಿಳಿದಿದ್ದ ನಾನು ಮನೆಯ ಗಡಿಯಾರದ ವಿಷಯದಲ್ಲಿ ಮಾತ್ರ ಐವತ್ತು ವರ್ಷ ಊರ ಮಾತನ್ನೇ ನಂಬಿಕೊಂಡಿದ್ದೆ.

ಎರಡು ವರ್ಷದ ಕೆಳಗೆ ಸಿರುಗುಪ್ಪದ ಗಡಿಯಾರ ನನ್ನ ಪಾಲಿಗೆ ಬಂತು. ಅದೇ ಸಮಯಕ್ಕೆ ಕುರುಗೋಡಿನ ಚಿಕ್ಕಪ್ಪನವರಿಂದ, ಅಂದರೆ ಚಿಕ್ಕಜ್ಜನ ಮಗನಿಂದ, ಅವರದನ್ನೂ ಬೇಡಿ ತಂದೆ. ಕೊಡುವಾಗ ಅವರು, “ನಮ್ದು ನಕಲಿ ಅಂತ ಕಾಗದದಾಗ ಬರೆಸಿಕೊಂಡು ಬರ್ತೀಯೇನಪ್ಪಾ?” ಎಂದು ನಕ್ಕರು. ಅದು ನಗುವ ದನಿಯಾಗಿರಲಿಲ್ಲ. ದೊಡ್ಡ ಊರೊಂದರ ಹಳೆಯ ಗಡಿಯಾರಗಳ ವ್ಯಾಪಾರಿಯೊಬ್ಬರಿಗೆ ಎರಡನ್ನೂ ತೋರಿಸಿದೆ. ಅವರು ಬೆನ್ನು ಬಿಚ್ಚಲಿಲ್ಲ. ಮುಖ ಮಾತ್ರ ನೋಡಿದರು. ಊರುಗಳ ಹೆಸರಿದ್ದದ್ದಕ್ಕೆ ಒಂದು ಬೆಲೆ ಹೇಳಿ, ಇನ್ನೊಂದನ್ನು ಬೆರಳ ತುದಿಯಿಂದ ನನ್ನ ಕಡೆಗೆ ಸರಿಸಿದರು. “ಲೋಗೋ ಹೊಂದೋದಿಲ್ಲ ಸಾರ್, ಡೂಪ್ಲಿಕೇಟು.” ಜಾತ್ರೆಯ ಪಂಕ್ತಿಯ ತೀರ್ಪಿಗೆ ಈಗ ಪೇಟೆಯ ಮುದ್ರೆಯೂ ಬಿತ್ತು. ಆ ಮಾತು ನನ್ನನ್ನು ಕೆಣಕಿತು. ಗಡಿಯಾರದ ಮುಖದ ಮೇಲೆ ಹೆಸರು ಹೇಗೆ ಬರುತ್ತದೆ, ಅದು ಏಕೆ ಬದಲಾಗುತ್ತದೆ ಎಂದು ಹುಡುಕತೊಡಗಿದೆ.

ಗಡಿಯಾರದ ಹೆಸರು ವೆಸ್ಟ್ ಎಂಡ್ ವಾಚ್ ಕಂಪನಿಯ ‘ಸವಾರ್’. ವೆಸ್ಟ್ ಎಂಡ್ ಎಂದರೆ ಲಂಡನ್ನಿನ ಸಿರಿವಂತರ ಪೇಟೆ; ಅದನ್ನು ನೆನಪಿಸಲೆಂದೇ ಇಟ್ಟ ಹೆಸರು. ಗಡಿಯಾರ ಹುಟ್ಟುತ್ತಿದ್ದದ್ದು ಮಾತ್ರ ಸ್ವಿಟ್ಜರ್ಲೆಂಡಿನ ಸೇಂಟ್ ಇಮಿಯೆ ಎಂಬ ಕಣಿವೆಯ ಊರಿನಲ್ಲಿ. ಮಾರಾಟವಾಗುತ್ತಿದ್ದದ್ದು 1886ರ ಸುಮಾರಿನಿಂದ ಬೊಂಬಾಯಿಯಲ್ಲಿ, ಆಮೇಲೆ ಕಲ್ಕತ್ತೆಯಲ್ಲಿ. ಒಳಗಿನ ಯಂತ್ರವನ್ನು ಅದೇ ಊರಿನ ಲಾಂಜಿನ್ ಕಾರ್ಖಾನೆಯಿಂದ ತರಿಸಿಕೊಂಡದ್ದೂ ಉಂಟು, ಬೇರೆ ಕಡೆಯಿಂದ ತರಿಸಿದ್ದೂ ಉಂಟು. ‘ಸವಾರ್’ ಎಂಬುದಂತೂ ನಮ್ಮ ಸವಾರನೇ, ಕುದುರೆಯ ಮೇಲಿನ ಸಿಪಾಯಿ. ಮೊದಲನೆಯ ಮಹಾಯುದ್ಧದ ಕಾಲಕ್ಕೆ ಹಿಂದೂಸ್ತಾನದ ದಂಡಿನವರಲ್ಲಿ ಈ ಗಡಿಯಾರ ಹೆಸರು ಮಾಡಿತ್ತು. ಲಂಡನ್ನಿನ ಹೆಸರು, ಸ್ವಿಸ್ ಹೊಟ್ಟೆ, ಬೊಂಬಾಯಿಯ ಅಂಗಡಿ, ಉರ್ದುವಿನ ಬಿರುದು. ಇಂಥ ಗಡಿಯಾರವನ್ನು ಹಿಡಿದು ‘ಅಸಲು ಯಾವುದು’ ಎಂದು ಕೇಳುವುದೇ ಸ್ವಲ್ಪ ಧಾರ್ಷ್ಟ್ಯ. ಲಕ್ಷಾಧೀಶರ ಗಡಿಯಾರವೇನೂ ಅದಲ್ಲ. ಆದರೆ ಅಂದಿನ ಬಳ್ಳಾರಿಯಲ್ಲಿ ಅದನ್ನು ಕಟ್ಟಿದವನ ಕಡೆಗೆ ಜನ ತಿರುಗಿ ನೋಡುತ್ತಿದ್ದರು.

ಇಲ್ಲೊಂದು ಸಂಗತಿಯನ್ನು ಮನಸ್ಸಿಗೆ ತಂದುಕೊಳ್ಳಬೇಕು. ಗಡಿಯಾರದ ಮುಖದ ಮೇಲೆ ತಯಾರಿಸಿದವನ ಹೆಸರೇ ಇರಬೇಕೆಂಬುದು ಹಳೆಯ ಪದ್ಧತಿಯಲ್ಲ. ಬಹುಕಾಲದವರೆಗೆ ಅದು ಮಾರುವವನ ಜಾಗ. ಬಳ್ಳಾರಿ ಜಿಲ್ಲೆ 1800ರಿಂದ 1953ರ ವರೆಗೆ ಮದರಾಸಿಗೆ ಸೇರಿತ್ತಷ್ಟೆ. ಈ ಕಡೆಯ ಅಧಿಕಾರಿಗಳ, ರೈಲ್ವೆಯವರ ಜೇಬಿನಲ್ಲಿ ಮದರಾಸಿನ ಮೌಂಟ್ ರೋಡಿನ ಪಿ. ಓರ್ ಅಂಡ್ ಸನ್ಸ್‌ನವರ ಗಡಿಯಾರಗಳಿರುತ್ತಿದ್ದವು. ಮುಖದ ಮೇಲೆ ಅಂಗಡಿಯವರ ಹೆಸರು ದೊಡ್ಡದಾಗಿ ಇರುತ್ತಿತ್ತು; ಯಂತ್ರ ಮಾತ್ರ ಯೂರೋಪಿನ ಯಾವುದೋ ಕಾರ್ಖಾನೆಯದು. ಅದನ್ನು ಯಾರೂ ಮೋಸವೆನ್ನಲಿಲ್ಲ. (ರೈಲ್ವೆಯ ಮಾತು ಬಂದುದಕ್ಕೆ ಹೇಳುತ್ತೇನೆ: 1906ರ ಜನವರಿ 1ರಂದು ಮದರಾಸು ಕಾಲವನ್ನು ಬಿಟ್ಟು ಹಿಂದೂಸ್ತಾನದ ಹೊಸ ಕಾಲವನ್ನು ಹಿಡಿದಾಗ ಈ ಗಡಿಯಾರಗಳೆಲ್ಲ ಸುಮಾರು ಒಂಬತ್ತು ನಿಮಿಷ ಮುಂದಕ್ಕೆ ತಿರುಗಿಸಿಕೊಂಡವು. ಮುಖದ ಹೆಸರೇನು, ಸಮಯವೇ ಬದಲಾದ ಕಾಲ ಅದು.)

ಇಂದು ಎಲ್ಲಕ್ಕಿಂತ ದೊಡ್ಡ ಹೆಸರೆನಿಸಿದ ರೋಲೆಕ್ಸ್ ಕಂಪನಿಗೂ ಈ ಪಾಡು ತಪ್ಪಲಿಲ್ಲ. ಅದನ್ನು ಕಟ್ಟಿದ ಹಾನ್ಸ್ ವಿಲ್ಸ್‌ಡಾರ್ಫ್ 1908ರಲ್ಲಿಯೇ ಆ ಹೆಸರನ್ನು ದಾಖಲು ಮಾಡಿಸಿದ. ಆದರೆ ಇಂಗ್ಲೆಂಡಿನ ಅಂಗಡಿಕಾರರು ಗಡಿಯಾರದ ಮುಖವನ್ನು ಅವನಿಗೆ ಬಿಟ್ಟುಕೊಡಲು ಒಪ್ಪಲಿಲ್ಲ. ಗಿರಾಕಿ ನಂಬುವುದು ತಮ್ಮ ಹೆಸರನ್ನು ಎಂದರು. ವಿಲ್ಸ್‌ಡಾರ್ಫ್ ಜಗಳಕ್ಕೆ ನಿಲ್ಲದೆ, ಕಳಿಸುವ ಆರಾರು ಗಡಿಯಾರಗಳಲ್ಲಿ ಒಂದರ ಮೇಲೆ ಮಾತ್ರ ‘ರೋಲೆಕ್ಸ್’ ಎಂದು ಬರೆಸತೊಡಗಿದ. ಸ್ವಲ್ಪ ಕಾಲಾನಂತರ ಆರರಲ್ಲಿ ಎರಡು, ಆಮೇಲೆ ಮೂರು. ಹೀಗೆ ಒಂದೇ ಪೆಟ್ಟಿಗೆಯಲ್ಲಿ ಬಂದ ಆರು ಗಡಿಯಾರಗಳಲ್ಲಿ ಕೆಲವಕ್ಕೆ ಹೆಸರಿತ್ತು, ಕೆಲವಕ್ಕೆ ಇರಲಿಲ್ಲ, ಆರೂ ಅಸಲು. ನಮ್ಮ ವ್ಯಾಪಾರಿ ಮಹಾಶಯರು ಆ ಪೆಟ್ಟಿಗೆಯನ್ನು ಬಿಚ್ಚಿದ್ದರೆ ಎಷ್ಟನ್ನು ಬೆರಳ ತುದಿಯಿಂದ ಸರಿಸುತ್ತಿದ್ದರೋ! ನ್ಯೂಯಾರ್ಕಿನ ಟಿಫನಿ ಅಂಗಡಿಯವರಂತೂ ಪಟೆಕ್ ಫಿಲಿಪ್ ಗಡಿಯಾರದ ಮುಖದ ಮೇಲೆ ತಮ್ಮ ಹೆಸರನ್ನೂ ಬರೆಸಿದರು. ಇಂದು ಹರಾಜಿನಲ್ಲಿ ಆ ಎರಡನೆಯ ಹೆಸರಿರುವ ಗಡಿಯಾರಕ್ಕೇ ಬೆಲೆ ಹೆಚ್ಚು.

ಇನ್ನು ಅಕ್ಷರದ ದಪ್ಪ ತೆಳುವಿನ ಮಾತು. ಗಡಿಯಾರದ ಯಂತ್ರ ಮಾಡುವವನು ಮುಖವನ್ನೂ ತಾನೇ ಮಾಡುತ್ತಾನೆಂದು ನಾವು ತಿಳಿಯುತ್ತೇವೆ. ಹಾಗಲ್ಲ. ಮುಖ ಮಾಡುವವರೇ ಬೇರೆ ಕಸುಬಿನವರು. 1932ರಲ್ಲಿ ಪಟೆಕ್ ಫಿಲಿಪ್ ಕಂಪನಿ ಕಷ್ಟದಲ್ಲಿದ್ದಾಗ ಅದನ್ನು ಕೊಂಡ ಸ್ಟರ್ನ್ ಸೋದರರು ಅದಕ್ಕೆ ಡಯಲು ಮಾಡಿಕೊಡುತ್ತಿದ್ದವರೇ. ಹಿತ್ತಾಳೆಯ ಬಿಲ್ಲೆಗೆ ಬಣ್ಣ ಹಿಡಿಸಿ, ಹೆಸರನ್ನು ಕೊರೆದ ಲೋಹದ ತಗಡಿಗೆ ಮಸಿ ತುಂಬಿ, ಮೇಲಿನ ಮಸಿಯನ್ನು ಒರೆಸಿ, ಸರೇಸಿನಂಥ ಮೆತ್ತನೆಯ ಗಡ್ಡೆಯಿಂದ ಆ ಮಸಿಯನ್ನೆತ್ತಿ ಬಿಲ್ಲೆಯ ಮೇಲೆ ಒತ್ತುತ್ತಾರೆ. ತಗಡು ಸವೆಯುತ್ತದೆ, ಹೊಸದನ್ನು ಕೊರೆಯುತ್ತಾರೆ. ಕೊರೆಯುವ ಕೈ ಬದಲಾದರೆ ಅಕ್ಷರದ ಬಾಲ ಬದಲಾಗುತ್ತದೆ. ಒಂದೇ ಕಂಪನಿ ಎರಡು ಮೂರು ಕಡೆ ಡಯಲು ಮಾಡಿಸಿದರೆ ಕೇಳುವುದೇ ಬೇಡ. ಒಮೆಗಾದವರ ಆ ಗ್ರೀಕ್ ಅಕ್ಷರ ಒಂದು ಗಡಿಯಾರದಲ್ಲಿ ಮಸಿಯಲ್ಲಿ ಮುದ್ರಿತವಾಗಿರುತ್ತದೆ, ಇನ್ನೊಂದರಲ್ಲಿ ಲೋಹದಲ್ಲಿ ಕತ್ತರಿಸಿ ಅಂಟಿಸಿರುತ್ತದೆ.

ಕಾಯಿದೆಯೂ ಮುಖದ ಮೇಲೆ ಕೈಯಾಡಿಸುತ್ತದೆ. ಆರರ ಅಂಕಿಯ ಕೆಳಗೆ ಇರುವೆಯ ಹಾಗೆ ಕಾಣುವ ಅಕ್ಷರಗಳನ್ನು ಭೂತಗನ್ನಡಿ ಹಿಡಿದು ನೋಡಿದರೆ ಒಂದರಲ್ಲಿ ‘ಸ್ವಿಸ್’, ಇನ್ನೊಂದರಲ್ಲಿ ‘ಸ್ವಿಸ್ ಮೇಡ್’, ಮತ್ತೊಂದರಲ್ಲಿ ‘ಟಿ ಸ್ವಿಸ್ ಟಿ’. ಕತ್ತಲೆಯಲ್ಲಿ ಹೊಳೆಯಲೆಂದು ಮೊದಲು ರೇಡಿಯಂ ಹಚ್ಚುತ್ತಿದ್ದರು. ಅದರ ಅಪಾಯ ತಿಳಿದು 1960ರ ದಶಕದಲ್ಲಿ ಟ್ರಿಟಿಯಂಗೆ ತಿರುಗಿದರು, ಅದರ ಗುರುತು ಆ ‘ಟಿ’. ಯಾವ ಗಡಿಯಾರ ‘ಸ್ವಿಸ್’ ಎನಿಸಿಕೊಳ್ಳಬಹುದೆಂದು ಅಲ್ಲಿನ ಸರ್ಕಾರ ಕಟ್ಟಳೆ ಮಾಡಿದ್ದು 1971ರಲ್ಲಿ.

ದೂರದ ಮಾತು ಸಾಕು. ನಮ್ಮ ಬೆಂಗಳೂರಿನ ಎಚ್.ಎಂ.ಟಿ. ಗಡಿಯಾರವನ್ನು ಕಟ್ಟದವರಾರು? 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಕಾರ್ಖಾನೆ ಹುಟ್ಟಿತು. ಮೊದಮೊದಲ ಗಡಿಯಾರಗಳ ಮುಖದ ಮೇಲೆ ಎಚ್.ಎಂ.ಟಿ. ಜೊತೆಗೆ ಸಿಟಿಜನ್ ಎಂದೂ ಇತ್ತು. ಆಮೇಲೆ ಅತಿಥಿಯ ಹೆಸರು ಇಳಿದುಹೋಯಿತು. ‘ಜನತಾ’ ಎಂಬುದು ಒಂದರಲ್ಲಿ ಇಂಗ್ಲಿಷ್, ಇನ್ನೊಂದರಲ್ಲಿ ನಾಗರಿ. 2016ರಲ್ಲಿ ಗಡಿಯಾರದ ಕೆಲಸಕ್ಕೆ ಬೀಗ ಬಿದ್ದ ಮೇಲೆ ಅವುಗಳನ್ನು ಕೂಡಿಡುವವರು ಹುಟ್ಟಿಕೊಂಡಿದ್ದಾರೆ, ಅವರಲ್ಲಿಯೂ ಇದೇ ಅಸಲು ನಕಲಿನ ಜಗಳ. ನಮ್ಮ ಊರಿನ ಕಥೆಯೇನು? ಇಂಗ್ಲಿಷಿನಲ್ಲಿ ‘ಬೆಲ್ಲರಿ’ ಎಂದಿದ್ದ ಫಲಕ 2014ರ ನವೆಂಬರ್ 1ರಿಂದ ‘ಬಳ್ಳಾರಿ’ ಆಯಿತು. ಕೋಟೆಯ ಗುಡ್ಡ ಮಾತ್ರ ಇದ್ದಲ್ಲೇ ಇದೆ.

ಇಷ್ಟು ಓದಿಕೊಂಡು, ಕುರುಗೋಡಿನ ಗಡಿಯಾರ ಅಸಲೇ ಇರಬೇಕು, ಎರಡೂ ಕಂಪನಿಯವರೇ ಹೊರಡಿಸಿದ ಎರಡು ಬಗೆಯ ಮುಖಗಳು ಎಂದು ನಾನು ನಿಶ್ಚಯಿಸಿಬಿಟ್ಟೆ. ಅರ್ಧ ಓದಿದವನ ನಿಶ್ಚಯ ಅದು. ಅದನ್ನು ಒಡೆದವರು ಬಳ್ಳಾರಿಯ ಬ್ರೂಸ್‌ಪೇಟೆಯ ಓಣಿಯಲ್ಲಿ, ಒಬ್ಬರು ಕುಳಿತರೆ ಇನ್ನೊಬ್ಬರು ನಿಲ್ಲಬೇಕಾದಷ್ಟು ಅಗಲದ ಅಂಗಡಿಯಲ್ಲಿ ವಾಚು ರಿಪೇರಿ ಮಾಡುವ ಹಿರಿಯ ಸಾಹೇಬರೊಬ್ಬರು. ಅವರು ಮುಖ ನೋಡಲೇ ಇಲ್ಲ. ಎರಡರ ಬೆನ್ನನ್ನೂ ತಿರುಗಿಸಿ ತೆಗೆದು, ಕಣ್ಣಿಗೆ ಗಾಜು ಸಿಕ್ಕಿಸಿಕೊಂಡರು.

“ಮಷೀನು ಎರಡೂ ಒಂದೇ ಸ್ವಾಮಿ. ಹದಿನೈದು ಕಲ್ಲಿಂದು. ಸೇತುವೆ ಮ್ಯಾಲೆ ಕಂಪನಿ ಹೆಸರು ಕೆತ್ತೈತಿ, ಎರಡರಾಗೂ ಒಂದೇ ನಮೂನಿ. ಬೆನ್ನಿನ ನಂಬರು ನೋಡ್ರಿ.” ನೋಡಿದೆ. ಎರಡು ಸಂಖ್ಯೆಗಳ ನಡುವೆ ಇದ್ದ ಅಂತರ ಹದಿನೇಳು. ಒಂದೇ ಅಂಗಡಿಯಲ್ಲಿ ಕೊಂಡದ್ದೆಂಬ ಮನೆಯ ಮಾತಿಗೆ ಇದಕ್ಕಿಂತ ಸಾಕ್ಷಿ ಬೇಕೆ?

ಆಮೇಲೆ ಅವರು ಮುಳ್ಳುಗಳನ್ನು ಕಿತ್ತು ಮುಖಗಳನ್ನು ಬಿಡಿಸಿ ಅಂಗಾತ ಇಟ್ಟರು. ಕುರುಗೋಡಿನದರ ಹಿಂಬದಿ ಸ್ವಚ್ಛವಾಗಿತ್ತು. ಸಿರುಗುಪ್ಪದ್ದನ್ನು ಗಾಜಿನ ಕೆಳಗೆ ಹಿಡಿದು ನನ್ನನ್ನು ಕರೆದರು. ಹಿಂಬದಿಯಲ್ಲಿ ಸೂಜಿಯಿಂದ ಗೀರಿದ ಅಂಕಿ, ಅಂಚಿನಲ್ಲಿ ಅರದಿಂದ ಉಜ್ಜಿದ ಗುರುತು. ಮುಂಬದಿಯಲ್ಲಿ ಸೆಕೆಂಡಿನ ಸಣ್ಣ ವೃತ್ತದ ಗೆರೆಗಳು ಅದಕ್ಕಾಗಿ ಇದ್ದ ತಗ್ಗಿನೊಳಗೆ ಸರಿಯಾಗಿ ಕೂರದೆ ಒಂದು ಕೂದಲಿನಷ್ಟು ಪಕ್ಕಕ್ಕೆ ಸರಿದಿದ್ದವು. “ಕಲ್ಕತ್ತಾ ಓದ್ರಿ” ಎಂದರು. ಇಂಗ್ಲಿಷಿನಲ್ಲಿ ಎರಡು ‘ಟಿ’ ಇರಬೇಕಾದ ಕಡೆ ಒಂದೇ ಇತ್ತು. ಎಪ್ಪತ್ತು ವರ್ಷದ ಬಾಳಿನಲ್ಲಿ ಆ ಗಡಿಯಾರವನ್ನು ನಾನು ಎಷ್ಟು ಸಲ ನೋಡಿದ್ದೆನೋ ಲೆಕ್ಕವಿಲ್ಲ. ಓದಿರಲಿಲ್ಲ.

“ಇದು ಬಣ್ಣ ಹೊಡಿಸಿದ ಡಯಲು ಸ್ವಾಮಿ. ಬೊಂಬಾಯಿ ಕೆಲಸ. ಅವರ ಹತ್ರ ಯಾವ ಅಚ್ಚು ಇತ್ತೋ ಅದನ್ನ ಒತ್ಯಾರ. ಆ ಸಾದಾ ಐತಲ್ಲ, ಅದು ಕಂಪನೀದು.”

ಮುಖಕ್ಕೆ ಬಣ್ಣ ಹೊಡಿಸುವ ಈ ಕೆಲಸವನ್ನು ಮೋಸವೆಂದು ಇಂದಿನ ಸಂಗ್ರಾಹಕರು ಮೂಗು ಮುರಿಯುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಸ್ವಾತಂತ್ರ್ಯ ಬಂದ ಮೇಲೆ ವಿದೇಶದ ಮಾಲಿನ ಮೇಲೆ ಬಿಗಿ ಕಟ್ಟುಪಾಡು ಬಂದು, ಸ್ವಿಸ್ ಗಡಿಯಾರವಾಗಲಿ ಅದರ ಬಿಡಿಭಾಗವಾಗಲಿ ಸುಲಭವಾಗಿ ಸಿಗದ ಕಾಲವದು. ನೀರು ಹೊಕ್ಕು ಮುಖ ಕಪ್ಪಾದರೆ ಹೊಸ ಡಯಲು ಎಲ್ಲಿಂದ ತರುವುದು? ಹಳೆಯ ಬಣ್ಣ ಕೆರೆದು, ಬಿಲ್ಲೆ ಉಜ್ಜಿ, ಬೆಳ್ಳಿಯ ನೀರು ಕೊಟ್ಟು, ಕೈಗೆ ಸಿಕ್ಕ ಅಚ್ಚಿನಿಂದ ಹೆಸರೊತ್ತಿ ಕೊಡುವ ಕಸುಬು ಬೊಂಬಾಯಿಯಲ್ಲಿ ಬೆಳೆಯಿತು. ಫೇವರ್ ಲ್ಯೂಬಾ, ಒಮೆಗಾ, ವೆಸ್ಟ್ ಎಂಡ್, ಯಾವುದಾದರೂ ಸರಿ. ದೇವರ ಮೂರ್ತಿಗೆ ವರ್ಷಕ್ಕೊಮ್ಮೆ ಬಣ್ಣ ಬಳಿಯುವ ಜನ ನಾವು. ಮೋಸ ಎಂಬುದು ಬಣ್ಣದಲ್ಲಿಲ್ಲ, ಬಣ್ಣ ಹೊಡಿಸಿದ್ದನ್ನು ಮುಚ್ಚಿಟ್ಟು ಮಾರುವುದರಲ್ಲಿದೆ.

ಈ ಕೊನೆಯ ವಾಕ್ಯವನ್ನು ಬರೆಯುವಾಗ ಕೈ ಸ್ವಲ್ಪ ತಡೆಯಿತು. ಕಾರಣವಿದೆ. ಬ್ರೂಸ್‌ಪೇಟೆಯಿಂದ ಬಂದವನೇ ಅಜ್ಜನ ಲೆಕ್ಕದ ಪುಸ್ತಕಗಳನ್ನು ಅಟ್ಟದಿಂದ ಇಳಿಸಿದೆ. ಬೀಜ, ಗೊಬ್ಬರ, ಕಾಲುವೆಯ ನೀರಿನ ಕರ, ಮಿಲ್ಲಿಗೆ ಹಾಕಿದ ಭತ್ತದ ಚೀಲ, ಎಲ್ಲವನ್ನೂ ಅವರು ಒಂದು ಕಾಸು ಬಿಡದೆ ಬರೆದಿಡುತ್ತಿದ್ದರು. ಎರಡು ದಿನ ಹುಡುಕಿದ ಮೇಲೆ 1961ರ ಪುಸ್ತಕದಲ್ಲಿ ಒಂದು ಸಾಲು ಸಿಕ್ಕಿತು: ‘ಕೈಗಡಿಯಾರ ನೀರು ಹೊಕ್ಕದ್ದು, ಮುಖ ಹೊಸ ಮಾಡಿಸಿದ ಬಾಬ್ತು, ಬೊಂಬಾಯಿ ಅಂಚೆ ಸಹ, ರೂ. 9-75.’ ಜಾತ್ರೆಯ ಪಂಕ್ತಿ ಅದಾದ ಎರಡು ವರ್ಷಕ್ಕೆ.

ಹಾಗಾದರೆ ಅಜ್ಜನಿಗೆ ಗೊತ್ತಿತ್ತು. ತಮ್ಮ ಗಡಿಯಾರದ ಮೇಲಿನ ಎರಡು ಊರುಗಳು ತಾವು ಹಣ ಕೊಟ್ಟು ಹೊಡಿಸಿದ ಬಣ್ಣವೆಂದು ಅವರೊಬ್ಬರಿಗೆ ಗೊತ್ತಿತ್ತು. ತಮ್ಮ ಗಡಿಯಾರ ಬಿಚ್ಚಿಟ್ಟದ್ದನ್ನೂ ಅವರು ಕಂಡಿರಲೇಬೇಕು. ಒಂದು ಮಾತು ಹೇಳಿದ್ದರೆ ತೀರುತ್ತಿತ್ತು. ತಮ್ಮ ಸಂಶಯಪಟ್ಟನೆಂಬ ಅಭಿಮಾನವೋ, ಕೇಳದವನಿಗೆ ಏಕೆ ಹೇಳಬೇಕೆಂಬ ಹಟವೋ, ಅಥವಾ ನಾಲ್ಕು ಜನ ‘ಇದೇ ಅಸಲಿ’ ಎಂದದ್ದು ಕಿವಿಗೆ ಹಿತವಾಯಿತೋ, ಲೆಕ್ಕದ ಪುಸ್ತಕದಲ್ಲಿ ಅದಕ್ಕೆ ಕಲಮು ಇಲ್ಲ. ನನ್ನನ್ನು ಹೆಗಲ ಮೇಲೆ ಹೊತ್ತು ತುಂಗಭದ್ರೆಯ ದಡದಲ್ಲಿ ತಿರುಗಿದ ಅಜ್ಜ ಅವರು. ಆದರೂ ಇದನ್ನು ಅವರ ಪರವಾಗಿ ಬರೆಯಲು ನನಗೆ ದಾರಿ ಕಾಣಲಿಲ್ಲ.

ಗಡಿಯಾರಗಳೆರಡನ್ನೂ ಲೆಕ್ಕದ ಪುಸ್ತಕವನ್ನೂ ಚೀಲದಲ್ಲಿಟ್ಟುಕೊಂಡು ಕುರುಗೋಡಿನ ಬಸ್ಸು ಹತ್ತಿದೆ. ಚಿಕ್ಕಪ್ಪನವರಿಗೆ ಎಂಬತ್ತು ದಾಟಿದೆ. ಆ ಸಾಲನ್ನು ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಮೂರನೆಯ ಸಲ ಓದುವಾಗ ಬೆರಳು ‘9-75’ರ ಮೇಲೆ ನಿಂತಿತು. ಬಹಳ ಹೊತ್ತು ಮಾತಾಡಲಿಲ್ಲ. ಒಳಗಿನಿಂದ ಚಿಕ್ಕಮ್ಮ ಚಹಾ ತಂದಿಟ್ಟರು, ಅದು ಆರಿತು.

“ನಮ್ಮಪ್ಪ ಸಾಯೋತನಕ ಅದನ್ನ ಕಟ್ಟಲಿಲ್ಲಪಾ” ಎಂದರು.

“ಕಟ್ಟದೆ ಇದ್ದುದಕ್ಕೇ ಡಯಲು ಉಳೀತು ಚಿಕ್ಕಪ್ಪ” ಎಂದೆ. ಹೇಳಿದ ಮೇಲೆ, ಹೇಳಬಾರದಿತ್ತು ಅನ್ನಿಸಿತು.

ಅವರು ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಗಡಿಯಾರಕ್ಕೆ ಮೆಲ್ಲಗೆ ಕೀಲಿ ಕೊಟ್ಟು ಕಿವಿಗೆ ಹಿಡಿದರು. “ನಿಂದು ಹೆಂಗ ನಡೀತೈತಿ?”

“ದಿನಕ್ಕೆ ನಾಲ್ಕು ನಿಮಿಷ ಹಿಂದೆ ಬೀಳ್ತದೆ.”

“ಆಗಲಿ, ಇದನ್ನೂ ನೋಡೋಣು” ಎಂದು ಮಣಿಕಟ್ಟನ್ನು ನನ್ನ ಕಡೆಗೆ ಚಾಚಿದರು. ಪಟ್ಟಿ ಹಳೆಯದಾಗಿ ಸೀಳಿತ್ತು. ದಾರ ಸುತ್ತಿ ಕಟ್ಟಿದೆ.

ಎಂಟು ದಿನದ ಮೇಲೆ ಫೋನು ಬಂತು. ಯೋಗಕ್ಷೇಮ ಕೇಳುವ ಮೊದಲೇ ಹೇಳಿದರು: “ನಮ್ದು ಮೂರು ನಿಮಿಷ ಮುಂದ ಓಡ್ತೈತಿ.”